ಎಲ್ಲಿ ನಿಂತಿದೆ ಎಂದು ಕೇಳಿದ ಬೆಳಗು

ಬಂಗಾರಪೇಟೆಯಲ್ಲಿ ನನ್ನದೊಂದು ಸಣ್ಣ ಹೊಲಿಗೆ ಘಟಕವಿದೆ. ಹನ್ನೆರಡು ಮೆಷಿನು, ಬಟ್ಟೆ ಕತ್ತರಿಸಲು ಒಂದು ಉದ್ದನೆಯ ಮೇಜು. ಒಂದು ವರ್ಷ ಹತ್ತಿರದ ಶಾಲೆಯ ಎಲ್ಲ ತರಗತಿಗಳ ಸಮವಸ್ತ್ರದ ಆರ್ಡರು ಸಿಕ್ಕಿತು. ಅಷ್ಟು ದೊಡ್ಡ ಕೆಲಸ ನಾವು ಹಿಂದೆಂದೂ ಮಾಡಿರಲಿಲ್ಲ. ದಿನಾ ಬೆಳಿಗ್ಗೆ ಮೆಷಿನುಗಳ ನಡುವೆ ಓಡಾಡುತ್ತ "ಕೆಲಸ ಆಗ್ತಿದೆಯಾ?" ಎಂದು ಕೇಳುತ್ತಿದ್ದೆ. "ಆಗ್ತೈತೆ ಅಕ್ಕಾ" ಎನ್ನುತ್ತಿದ್ದರು. ಅಷ್ಟಕ್ಕೇ ಸಮಾಧಾನವಾಗಿ ಫೋನು ಹಿಡಿದು ಹೊರಗೆ ಬರುತ್ತಿದ್ದೆ.

ಶಾಲೆ ತೆರೆಯಲು ಎಂಟು ದಿನ ಉಳಿದಿತ್ತು. ನಮ್ಮಲ್ಲಿ ಇಸ್ತ್ರಿ ಮಾಡಿ ಮಡಿಸುತ್ತಿದ್ದವರು ಚಿನ್ನದ ಗಣಿಯ ಊರಾದ ಕೋರಮಂಡಲ್‌ನ ಒಬ್ಬ ಹಿರಿಯರು. ಗಣಿ ಮುಚ್ಚುವವರೆಗೂ ಅಲ್ಲಿ ಮೇಸ್ತ್ರಿಯಾಗಿದ್ದವರು, ಮಾತು ಕಡಿಮೆ. ಅವತ್ತು ಅವರೇ ನನ್ನನ್ನು ಕರೆದರು.

"ಅಮ್ಮಾ, ನಾಲ್ಕು ದಿನದಿಂದ ನನ್ನ ಮೇಜಿಗೆ ದೊಡ್ಡ ಹುಡುಗರ ಪ್ಯಾಂಟು ಒಂದೂ ಬಂದಿಲ್ಲ."

ನಂಬಲಾಗಲಿಲ್ಲ. ಮೆಷಿನುಗಳೆಲ್ಲ ಓಡುತ್ತಲೇ ಇದ್ದವಲ್ಲ. ಹೋಗಿ ನೋಡಿದರೆ ಎಲ್ಲರೂ ಹೊಲಿಯುತ್ತಿದ್ದುದು ಅಂಗಿಗಳನ್ನು. ದೊಡ್ಡ ಹುಡುಗರ ಪ್ಯಾಂಟಿನ ಬೂದು ಬಟ್ಟೆಯ ಥಾನುಗಳು ಮೂಲೆಯಲ್ಲಿ ಹಾಗೇ ಬಿದ್ದಿದ್ದವು. ಬಟ್ಟೆ ನೋಡಿಕೊಳ್ಳುತ್ತಿದ್ದವಳು ಕ್ಯಾಸಂಬಳ್ಳಿಯಿಂದ ಬಸ್ಸಿನಲ್ಲಿ ಬರುವ ಹೆಂಗಸು. ಅವಳನ್ನು ಕೇಳಿದೆ.

"ಥಾನುಗಳ ಬಣ್ಣ ಒಂದಕ್ಕೊಂದು ಸೇರ್ತಾ ಇಲ್ಲ ಅಕ್ಕಾ. ನಿಮ್ಗೆ ಏಳಣ ಅಂತ ಎಲ್ಡು ಸಲ ಬಂದೆ. ನೀವು ಫೋನಲ್ಲಿದ್ರಿ. ಆಮೇಲೆ ಬೈತೀರೇನೋ ಅಂತ ಸುಮ್ಕಾದೆ."

ಬೈಯಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಎರಡು ಸಲ ಬಂದವಳಿಗೆ ನಾನೇ ಕೈಸನ್ನೆ ಮಾಡಿ "ಆಮೇಲೆ" ಎಂದಿದ್ದು ನೆನಪಾಯಿತು. ಬಟ್ಟೆ ಕೊಟ್ಟ ಅಂಗಡಿಗೆ ಫೋನು ಮಾಡಿದರೆ, ಬದಲಿಸಿ ಕಳಿಸಲು ಒಂದು ವಾರ ಬೇಕೆಂದರು.

ಹಿರಿಯರು ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು ಹೇಳಿದರು: "ಗಣಿಯಲ್ಲಿ ಪಾಳಿ ಬದಲಾಗುವಾಗ ಎಷ್ಟು ಕೆಲಸ ಆಯ್ತು ಅಂತ ಆಮೇಲೆ ಹೇಳ್ತಿದ್ವಿ. ಎಲ್ಲಿ ಕಲ್ಲು ಸಡಿಲ ಆಗಿದೆ, ಎಲ್ಲಿ ಕೆಲಸ ನಿಂತಿದೆ, ಅದು ಮೊದಲು. ನೀವು ಆಗ್ತಿದೆಯಾ ಅಂತೀರ. ಅದಕ್ಕೆ ಯಾರಮ್ಮಾ ಇಲ್ಲ ಅಂತಾರೆ?"

ಮಧ್ಯಾಹ್ನ ಶಾಲೆಗೆ ಹೋದೆ. ಇನ್ನೆರಡು ದಿನ ಮುಚ್ಚಿಡೋಣ, ಏನಾದರೂ ದಾರಿ ಸಿಗಬಹುದು ಎಂದು ಗೇಟಿನವರೆಗೂ ಅನಿಸುತ್ತಲೇ ಇತ್ತು. ಮುಖ್ಯೋಪಾಧ್ಯಾಯಿನಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರ ಮುಖ ಬಿಗಿಯಾಯಿತು. "ಚಿಕ್ಕ ಮಕ್ಕಳದ್ದು ಮೊದಲ ದಿನಕ್ಕೆ ಪೂರ್ತಿ ಕೊಡ್ತೀರಾ?" ಎಂದರು. ಕೊಡುತ್ತೇನೆ, ದೊಡ್ಡ ಮಕ್ಕಳದ್ದು ಶಾಲೆ ತೆರೆದ ಒಂದು ವಾರಕ್ಕೆ ಎಂದೆ. "ಹಾಗಾದ್ರೆ ದೊಡ್ಡ ಮಕ್ಕಳಿಗೆ ನಾನು ಹೇಳ್ಕೋತೀನಿ. ಇವತ್ತೇ ಬಂದು ಹೇಳಿದ್ದು ಒಳ್ಳೇದಾಯ್ತು."

ಮರುದಿನ ಬೆಳಿಗ್ಗೆ ಮೆಷಿನು ಶುರುವಾಗುವ ಮೊದಲು ಎಲ್ಲರನ್ನೂ ಮೇಜಿನ ಸುತ್ತ ನಿಲ್ಲಿಸಿದೆ. ಫೋನನ್ನು ಒಳಗಿಟ್ಟು ಬಂದಿದ್ದೆ. "ಎಲ್ಲೆಲ್ಲಿ ಕೆಲಸ ನಿಂತಿದೆ, ಹೇಳಿ" ಎಂದೆ. ಮೊದಲು ಕ್ಯಾಸಂಬಳ್ಳಿಯವಳೇ, "ಸಣ್ಣ ಗುಂಡಿ ಇವತ್ತಿಗೆ ಖಾಲಿ ಆಗ್ತವೆ" ಎಂದಳು. ಊರಿಗಾಂನಿಂದ ಬರುತ್ತಿದ್ದ ಹುಡುಗಿ ತಮಿಳು ಬೆರೆಸಿ, ತನ್ನ ಮೆಷಿನು ಎರಡು ದಿನದಿಂದ ನೂಲು ಕಡಿಯುತ್ತಿದೆ ಎಂದಳು. ಹತ್ತು ನಿಮಿಷದಲ್ಲಿ ಮುಗಿಯಿತು. ಹನ್ನೊಂದಕ್ಕೆ ಗುಂಡಿ ಬಂತು, ಊಟದ ಹೊತ್ತಿಗೆ ಮೆಷಿನು ಸರಿಯಾಯಿತು.

ಚಿಕ್ಕ ಮಕ್ಕಳ ಬಟ್ಟೆ ಶಾಲೆ ತೆರೆಯುವ ಹಿಂದಿನ ದಿನವೇ ತಲುಪಿತು. ದೊಡ್ಡ ಮಕ್ಕಳದು ಹೇಳಿದ್ದಕ್ಕಿಂತ ಎರಡು ದಿನ ತಡವಾಯಿತು. ಅದನ್ನೂ ಮುಂಚೆಯೇ ತಿಳಿಸಿದ್ದೆವು. ಕೊನೆಯ ಗಂಟನ್ನು ಆಟೋಗೆ ಹಾಕುವಾಗ ಹಿರಿಯರು ಒಂದು ಪ್ಯಾಂಟನ್ನು ಎಳೆದು ತೆಗೆದರು. ಅದರ ಒಂದು ಕಾಲು ಇನ್ನೊಂದಕ್ಕಿಂತ ಬೆರಳಗಲ ಗಿಡ್ಡವಿತ್ತು. ಆಟೋ ಕಾಯುತ್ತಿರುವಂತೆಯೇ ಕ್ಯಾಸಂಬಳ್ಳಿಯವಳು ಅದರ ಅಂಚಿನ ಮಡಿಕೆ ಬಿಚ್ಚಿ ಹೊಲಿಯಲು ಕುಳಿತಳು.