ಜಾಲಿಮರದ ಮೂರು ಕಾಲು

ಆಚಾರಿಯ ಬಲಗೈ ಈಚೀಚೆಗೆ ಯಾವಾಗಲೂ ಎಡ ಕಂಕುಳಲ್ಲಿ ಸಿಕ್ಕಿಕೊಂಡಿರುತ್ತಿತ್ತು. ಟೀ ಅಂಗಡಿಯಲ್ಲಿ ಲೋಟ ಹಿಡಿಯುವುದೂ ಎಡಗೈಯಲ್ಲೇ. "ಏನ್ಲಾ, ಕಂಕುಳಲ್ಲಿ ಮೊಟ್ಟೆ ಕಾವಿಗ್ ಮಡಗಿದ್ದೀಯಾ?" ಎಂದು ರೇಗಿಸುತ್ತಿದ್ದೆ. ಅವನೂ ನಗುತ್ತಿದ್ದ. ಕೈ ಮಾತ್ರ ಹೊರಗೆ ಬರುತ್ತಿರಲಿಲ್ಲ.

ನಮ್ಮ ಕೊಪ್ಪದಲ್ಲಿ ಜನರನ್ನು ಬೇಸ್ತು ಬೀಳಿಸುವುದರಲ್ಲಿ ನನ್ನನ್ನು ಮೀರಿಸುವವನು ಇನ್ನೂ ಹುಟ್ಟಿಲ್ಲ. ಮದುಮಗನನ್ನೇ ಬೇರೆ ಛತ್ರಕ್ಕೆ ಕಳಿಸಿದ ಕೀರ್ತಿ ನನ್ನದು. ಗಾಡಿ, ನೇಗಿಲು ಮಾಡುತ್ತಿದ್ದ ಈ ಆಚಾರಿ ಒಂದನೇ ಕ್ಲಾಸಿನಿಂದ ನನ್ನ ಪಕ್ಕ ಕೂತು ಎಲ್ಲವನ್ನೂ ತಡೆದುಕೊಂಡವನು.

ನಿವೃತ್ತನಾದ ಮೇಲೆ ನಾನೊಂದು ಟೆಲಿಸ್ಕೋಪು ತರಿಸಿದೆ, ಹೊಸದಾಗಿ ಕಲಿಯುವವರದು. ಕೊಳವೆ ಚೆನ್ನಾಗಿತ್ತು. ಅದರ ಮೂರು ಕಾಲಿನ ಸ್ಟ್ಯಾಂಡು ಮಾತ್ರ ಬರೀ ಕಡ್ಡಿ. ಉಸಿರು ಬಿಟ್ಟರೆ ಚಂದ್ರ ಕುಣಿಯುತ್ತಿದ್ದ. ಮಂಡ್ಯದ ಫೋಟೊ ಸ್ಟುಡಿಯೊಗಳಲ್ಲಿ ಕೇಳಿದೆ, ಅವರ ಸ್ಟ್ಯಾಂಡೂ ಇದರ ತಮ್ಮನೇ. ಮದ್ದೂರಿನಲ್ಲಿ ಕಬ್ಬಿಣದ ಪೈಪಿಗೆ ವೆಲ್ಡಿಂಗ್ ಮಾಡಿಸಿದೆ. ಎತ್ತಲಾರದಷ್ಟು ಭಾರ, ಆದರೂ ಚಂದ್ರ ನಡುಗುತ್ತಲೇ ಇದ್ದ.

ಆಚಾರಿ ಬಂದು ಪೈಪನ್ನು ತಟ್ಟಿ ಕಿವಿಗೊಟ್ಟ.

"ಕೇಳ್ಲಾ, ಇನ್ನೂ ಗುಯ್ ಅಂತಾದೆ. ಕಬ್ಬಿಣ ಅದುರೋದ್ನ ಇಟ್ಕತದೆ. ಮರ ಆದ್ರೆ ನುಂಗ್ಕಬುಡ್ತದೆ."

"ಅಂಗಾದ್ರೆ ನೀನೇ ಮಾಡ್ಕೊಡ್ಲಾ."

ಅವನು ಕಂಕುಳಿನಿಂದ ಕೈ ತೆಗೆದು ನನ್ನ ಮುಂದೆ ಚಾಚಿದ. ಬೆರಳುಗಳು ಒಂದೇ ಸಮನೆ ನಡುಗುತ್ತಿದ್ದವು.

"ಎರಡ್ ವರ್ಸಾಯ್ತು. ಉಳಿ ಮುಟ್ಬ್ಯಾಡ ಅಂತಾನೆ ಮಗ. ಇದೊಂದ್ ನೆಟ್ಟಗ್ ಬಂದ್ರೆ ನನ್ ಕೈ ಇನ್ನೂ ಸತ್ತಿಲ್ಲ ಅಂತ ತಿಳ್ಕತೀನಿ. ಬರ್ನಿಲ್ಲ ಅಂದ್ರೆ ಉಳಿ ಕೆಳೀಕ್ ಮಡಗ್ಬುಡ್ತೀನಿ."

ಗಾಡಿಯ ಅಚ್ಚಿಗೆಂದು ಕೆರೆಯ ಕೆಸರಿನಲ್ಲಿ ಹೂತು ಹದ ಮಾಡಿ, ಕೊಟ್ಟಿಗೆಯ ನೆರಳಲ್ಲಿ ವರ್ಷಗಟ್ಟಲೆ ಒಣಗಿಸಿಟ್ಟಿದ್ದ ಜಾಲಿಮರ ತೆಗೆದ. ಒಂದು ಮೊಳೆಯನ್ನೂ ಮುಟ್ಟಲಿಲ್ಲ. ಎಲ್ಲ ಮರದ ಬೆಣೆ. ಬಲಗೈ ನಡುಗಿದರೆ ಅದರ ಮೇಲೆ ಎಡಗೈ ಒತ್ತಿಕೊಂಡು ಕೊರೆಯುತ್ತಿದ್ದ. ಹದಿನೈದು ದಿನದ ಕೆಲಸಕ್ಕೆ ಮೂರು ತಿಂಗಳು ಹಿಡಿಯಿತು.

ಒಂದು ಸಂಜೆ, ಹೊತ್ತು ಮುಳುಗುವಾಗ, ಮಗನ ಜೊತೆ ಅದನ್ನು ನಮ್ಮ ತಾರಸಿಗೆ ಹೊತ್ತು ತಂದ. ಅರ್ಧಚಂದ್ರ ನೆತ್ತಿಯ ಮೇಲಿದ್ದ. ಮೊದಲು ನಾನು ನೋಡಿದೆ. ಚಂದ್ರನ ಗುಂಡಿಗಳು ಕೆತ್ತಿಟ್ಟ ಹಾಗೆ ನಿಂತಿದ್ದವು. ಆದರೆ ಮೊದಲು ಗೋಳಾಡಿಸಿ ಆಮೇಲೆ ಹೊಗಳುವುದು ನನ್ನ ಹಳೆಯ ಚಾಳಿ. ಅವನು ಕಣ್ಣಿಟ್ಟಾಗ ಕಾಲಿನ ಹೆಬ್ಬೆರಳಿನಿಂದ ಸ್ಟ್ಯಾಂಡನ್ನು ಮೆಲ್ಲಗೆ ತಳ್ಳುತ್ತಲೇ ಇದ್ದೆ.

"ಅಲ್ಲಾಡ್ತಾದೆ ಕಣ್ಲಾ," ಎಂದ.

"ನಿನ್ ಕೈಲಿರೋದು ಅದ್ಕೂ ಇಳ್ದದೆ ಬುಡು," ಎಂದೆ.

ಅವನು ನಗಲಿಲ್ಲ. ಮಗನ ಕಡೆ ತಿರುಗಿ, "ನೀನ್ ಯೋಳಿದ್ದೇ ಸರಿ ಕಣಪ್ಪ," ಎಂದವನೇ ಮೆಟ್ಟಿಲಿಳಿದ. ಮಗನೂ ಹಿಂದೆಯೇ ಹೋದ.

ನಾನು ಓಡಿಹೋಗಿ ಬೀದಿಯಲ್ಲಿ ಅಡ್ಡಗಟ್ಟಿದೆ. "ನಾನೇ ಕಾಲಲ್ಲಿ ತಳ್ದೆ ಕಣ್ಲಾ, ನನ್ನಾಣೆ! ಬಾ, ಇನ್ನೊಂದಪ ನೋಡು."

"ನನ್ ಸಮಾದಾನಕ್ ಸುಳ್ ಯೋಳ್ಬ್ಯಾಡ," ಎಂದ. "ಅರವತ್ತೊರ್ಸದಿಂದ ನೋಡಿವ್ನಿ. ಯಾವತ್ ದಿಟ ಯೋಳಿದ್ದೀಯ ನೀನು?"

ಮಾರನೆಯ ದಿನ ಉಳಿ, ಬಾಚಿಗಳನ್ನೆಲ್ಲ ಗೋಣಿಯಲ್ಲಿ ಕಟ್ಟಿ ಅಟ್ಟಕ್ಕೆ ಹಾಕಿಸಿದ. ಎಷ್ಟು ಸಲ ಕರೆದರೂ ತಾರಸಿಗೆ ಬರಲಿಲ್ಲ. ಹೋದ ವರ್ಷ ತೀರಿಕೊಂಡ.

ತಿಥಿಯಾದ ಮೇಲೆ ಅವನ ಮಗನನ್ನು ತಾರಸಿಗೆ ಕರೆದು ಚಂದ್ರನನ್ನು ತೋರಿಸಿದೆ. "ಒಂಚೂರೂ ಅಲ್ಲಾಡಕಿಲ್ವಲ್ಲ ದೊಡ್ಡಪ್ಪ," ಎಂದ. ಅವತ್ತು ನನ್ನ ಕಾಲು ಮಾಡಿದ್ದನ್ನು ಹೇಳಿದೆ.

"ಅಪ್ಪಂಗೆ ಯೋಳಿದ್ರಾ?"

"ಯೋಳ್ದೆ. ನಂಬ್ನಿಲ್ಲ."

ಅವನು ಕೊಳವೆಯಿಂದ ಕಣ್ಣು ತೆಗೆಯಲೇ ಇಲ್ಲ.

"ನಾನ್ ನಂಬ್ತೀನಿ," ಎಂದ.