ಜಾಗ್ರತೆ ಎಂದು ನಾನು ಕರೆದದ್ದು

೧೯೯೧ರಲ್ಲಿ, ಎಂಟನೇ ಕ್ಲಾಸಿನ ಅರ್ಧದಲ್ಲಿ ನಾನು ಶಾಲೆ ಬಿಟ್ಟೆ. ಪುತ್ತೂರಿನ ಒಂದು ಮೋಟರ್ ರಿಪೇರಿ ಅಂಗಡಿಯಲ್ಲಿ ಕೆಲಸ ಕಲಿತು, ಆಮೇಲೆ ಕಡಬದ ಕಡೆ ಬಂದು ಬೋರ್‌ವೆಲ್‌ನ ಪಂಪು ಎತ್ತುವ ಕೆಲಸಕ್ಕೆ ಇಳಿದೆ. ಇಷ್ಟು ವರ್ಷದಲ್ಲಿ ನನ್ನ ಕೈಯಿಂದ ಒಂದು ಪಂಪೂ ಒಳಗೆ ಬಿದ್ದದ್ದಿಲ್ಲ. ಆಲಂಕಾರಿನಿಂದ ಅಜ್ಜಾವರದವರೆಗೆ ಯಾರನ್ನು ಬೇಕಾದರೂ ಕೇಳಿ. ಡಿಪ್ಲೊಮಾ ಓದಿದವರು ಬೀಳಿಸಿದ್ದನ್ನು ನಾನು ಹೋಗಿ ತೆಗೆದುಕೊಟ್ಟದ್ದುಂಟು.

ಕೆಲಸ ಇಬ್ಬರದ್ದು. ಒಬ್ಬ ವಿಂಚಿನ ಹ್ಯಾಂಡಲ್ ತಿರುಗಿಸಿ ಪೈಪನ್ನು ಮೇಲೆ ಎಳೆಯುದು. ಒಂದು ಪೈಪಿನ ಉದ್ದ ಹೊರಗೆ ಬಂದ ಕೂಡಲೇ ಇನ್ನೊಬ್ಬ ಬೋರಿನ ಬಾಯಿಯಲ್ಲಿ ಕ್ಲ್ಯಾಂಪ್ ಹಾಕಿ ಬೋಲ್ಟ್ ಬಿಗಿಯುದು. ಕೆಳಗಿನ ಅಷ್ಟೂ ಭಾರ ಆ ಕ್ಲ್ಯಾಂಪಿನ ಮೇಲೆ ನಿಲ್ಲಬೇಕು. ವಿಂಚಿನವನು “ಕೂತಿತಾ?” ಅಂತ ಕೇಳ್ತಾನೆ, ಕೆಳಗಿನವನು “ಕೂತಿತು” ಅಂತಾನೆ, ಆಮೇಲೆಯೇ ಭಾರ ಬಿಡುದು. ವಿಂಚಿನಲ್ಲಿ ನಾನು, ಕ್ಲ್ಯಾಂಪಿನಲ್ಲಿ ನನ್ನ ಹೆಂಡತಿಯ ತಮ್ಮ. ನಮ್ಮ ಕಡೆ ಅವನು ನನಗೂ ಭಾವ, ನಾನು ಅವನಿಗೂ ಭಾವ. ಹದಿನಾಲ್ಕು ವರ್ಷದಿಂದ ಹೀಗೆಯೇ.

ಎರಡು ವರ್ಷದ ಹಿಂದೆ ಆ ಒಂದು ಉತ್ತರ ನನಗೆ ಸಾಲದಾಗುತ್ತಾ ಬಂತು.

“ಕೂತಿತಾ?”

“ಕೂತಿತು ಭಾವ.”

“ಸರಿ ನೋಡು. ಎರಡೂ ಬೋಲ್ಟಾ?”

“ಎರಡೂ. ಇದು ಪೈಪು ಭಾವ, ಮದುಮಗಳಲ್ಲ. ಮುಹೂರ್ತ ನೋಡ್ಬೇಡಿ, ಬಿಡಿ!”

ಮನೆಯಲ್ಲಿಯೂ ಅದೇ. ಮಗಳು ಪುತ್ತೂರಿನ ಕಾಲೇಜಿನಿಂದ ಬಸ್ಸು ಹತ್ತಿದಳಾ, ಹೆಂಡತಿಯ ಕೆಮ್ಮು ಎಂತದ್ದು, ನಿನ್ನೆ ಇಳಿಸಿದ ಪಂಪಿನ ಕೇಬಲ್ ಜಾಯಿಂಟಿಗೆ ನೀರು ಹೋಯಿತಾ, ಗಾಡಿಯ ಬ್ರೇಕು ಸರಿ ಉಂಟಾ. ಒಂದು ಹೋದರೆ ಇನ್ನೊಂದು ಬಾಗಿಲಲ್ಲಿ ನಿಂತಿರ್ತದೆ. ಕುತ್ತಿಗೆ ಮರದ ಹಾಗೆ ಬಿಗಿ. ಹೊಟ್ಟೆಯೊಳಗೆ ಏನೋ ಕಿವುಚಿದ ಹಾಗೆ. ನಿದ್ರೆ ಇಲ್ಲ. ಯಾರು ಮಾತಾಡಿಸಿದರೂ ಸಿಡುಕು.

ಗ್ಯಾಸ್ ಅಂತ ನಾನೇ ತೀರ್ಮಾನ ಮಾಡಿದೆ. ಜೀರಿಗೆ ಕಷಾಯ ಕುಡಿದೆ, ಮೆಡಿಕಲಿನ ಗುಳಿಗೆ ನುಂಗಿದೆ. ಕೊನೆಗೆ ಪುತ್ತೂರಿನ ಡಾಕ್ಟರೊಬ್ಬರು ಇಸಿಜಿ, ಶುಗರ್, ಥೈರಾಯ್ಡ್ ಎಲ್ಲ ನೋಡಿ, “ಎಲ್ಲ ನಾರ್ಮಲ್. ಮನಸ್ಸಿನ ಡಾಕ್ಟರನ್ನು ಒಮ್ಮೆ ನೋಡಿ” ಅಂತ ಚೀಟಿ ಬರೆದರು. ಚೀಟಿಯನ್ನು ಗಾಡಿಯ ಪೆಟ್ಟಿಗೆಯೊಳಗೆ ತುರುಕಿದೆ. ಮಂಡೆಬಿಸಿ ಯಾರಿಗಿಲ್ಲ? ಅದು ಇದ್ದದ್ದಕ್ಕೇ ನನ್ನ ಪಂಪು ಬೀಳದ್ದು ಅಂತ ನನ್ನ ಲೆಕ್ಕ.

ಆಮೇಲೆ ಇಚಿಲಂಪಾಡಿಯ ಆ ಬೆಳಿಗ್ಗೆ. ಒಂಬತ್ತನೇ ಪೈಪು. ಮೂರು ಸಲ ಕೇಳಿದೆ, ಭಾವ ಮೂರು ಸಲ “ಕೂತಿತು” ಅಂದ. ನನ್ನ ಎದೆ ಹೊಡೆದುಕೊಳ್ತಾ ಇತ್ತು. “ಬಿಚ್ಚಿ ಇನ್ನೊಮ್ಮೆ ಹಾಕು” ಅಂದೆ. ಅವನು ಬೈದುಕೊಂಡೇ ಬೋಲ್ಟ್ ಸಡಿಲ ಮಾಡಿ ಕ್ಲ್ಯಾಂಪನ್ನು ಮೇಲೆ ಎತ್ತಿದ. ಆಗಲೂ ನನಗೆ ನಿಲ್ಲಲಿಕ್ಕೆ ಆಗಲಿಲ್ಲ. ಕಣ್ಣಾರೆ ನೋಡಬೇಕು ಅಂತ ವಿಂಚಿನ ಲಾಕು ಹಾಕಿ ಎರಡು ಹೆಜ್ಜೆ ಮುಂದೆ ಬಂದೆ. ಲಾಕು ಪೂರ್ತಿ ಬಿದ್ದಿರಲಿಲ್ಲ.

ಹ್ಯಾಂಡಲ್ ಗಿರಗಿರ ತಿರುಗಿತು. ಪೈಪು ಒಂದು ಗೇಣು ಜಾರಿತು, ಅದರ ಜಾಯಿಂಟಿನ ಗಂಟು ಸಡಿಲ ಕ್ಲ್ಯಾಂಪಿಗೆ ಸಿಕ್ಕಿ ನಿಂತಿತು. ಕ್ಲ್ಯಾಂಪು ಹೋಗಿ ಬೋರಿನ ಬಾಯಿಗೆ ಬಡಿಯಿತು, ಅದರ ಕೆಳಗೆ ಭಾವನ ಕೈಗವಸು ಸಿಕ್ಕಿಕೊಂಡಿತು. ಕೈ ಅದರೊಳಗಿಂದ ಹೊರಗೆ ಬಂದಿತ್ತು. ಹೇಗೆ ಬಂತು ಅಂತ ಇವತ್ತಿಗೂ ಇಬ್ಬರಿಗೂ ಗೊತ್ತಿಲ್ಲ.

ಅವನು ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ತಿದ್ದೆ. ಉಳಿದ ಪೈಪುಗಳನ್ನು ಎತ್ತಿ, ಕೈ ತೊಳೆದು, “ಭಾವ, ನಾಳೆಯಿಂದ ನಾನು ಬರುದಿಲ್ಲ. ನಿಮಗೆ ಹುಷಾರಾಗದೆ ನಿಮ್ಮ ವಿಂಚಿನ ಕೆಳಗೆ ನಾನು ಕೂರುದಿಲ್ಲ” ಅಂದ.

ಅವನಿಲ್ಲದೆ ನನ್ನ ಕಸುಬಿಲ್ಲ. ಬೇರೆಯವನ ಕೈಯನ್ನು ಅಲ್ಲಿ ಇಡಿಸಲಿಕ್ಕೆ ನನಗೇ ಧೈರ್ಯ ಇರಲಿಲ್ಲ. ಚೀಟಿ ತೆಗೆದೆ.

ಸರಕಾರಿ ಆಸ್ಪತ್ರೆಗೆ ಮನಸ್ಸಿನ ಡಾಕ್ಟರು ಬರುವುದು ವಾರಕ್ಕೊಂದು ದಿನ. ಆ ಕೋಣೆಯ ಎದುರಿನ ಬೆಂಚಿನಲ್ಲಿ ಟೊಪ್ಪಿ ಹಣೆವರೆಗೆ ಎಳೆದು ಕೂತಿದ್ದೆ. ಆದರೂ ಆಲಂಕಾರಿನಲ್ಲಿ ಅಕ್ಕಿ-ಬೇಳೆಯ ಜೀನಸು ಅಂಗಡಿ ಇಟ್ಟಿರುವ ಬ್ಯಾರಿ ನನ್ನನ್ನು ಹಿಡಿದೇ ಹಿಡಿದರು.

“ಎಂತ ಮಾರಾಯ್ರೆ, ನೀವು ಇಲ್ಲಿ?”

“ಇಲ್ಲಿಯ ಪಂಪು ನೋಡ್ಲಿಕ್ಕೆ.”

“ಹೌದಾ? ನಾಲ್ಕು ತಿಂಗಳಿಂದ ನಾನೂ ಇದೇ ಪಂಪಿಗೆ ಬರುದು” ಅಂತ ತಮ್ಮ ಚೀಟಿ ಎತ್ತಿ ತೋರಿಸಿ, ಪಕ್ಕದಲ್ಲಿ ಕೂತರು.

ಡಾಕ್ಟರಮ್ಮನಿಗೆ ನಾನು ಗ್ಯಾಸ್ ಅಂತಲೇ ಶುರು ಮಾಡಿದೆ. ಅವರು ಒಂದೊಂದಾಗಿ ಕೇಳಿದರು: ಕಳೆದ ಎರಡು ವಾರದಲ್ಲಿ ಯೋಚನೆ ನಿಲ್ಲಿಸಲಿಕ್ಕೆ ಆಗದ ದಿನ ಎಷ್ಟು? ಕೂತಲ್ಲಿ ಕೂರಲಿಕ್ಕೆ ಆಗದ್ದು ಎಷ್ಟು ದಿನ? ಎಂತದೋ ಕೆಟ್ಟದ್ದು ಆಗ್ತದೆ ಅಂತ ಅನ್ನಿಸಿದ್ದು? ಎಲ್ಲದಕ್ಕೂ ನನ್ನದು ಒಂದೇ ಉತ್ತರ, “ಹೆಚ್ಚುಕಮ್ಮಿ ದಿನಾ.”

“ಇಷ್ಟು ಯೋಚನೆ ಮಾಡದಿದ್ದರೆ ಎಂತ ಆಗ್ತಿತ್ತು?”

“ಪಂಪು ಬೀಳ್ತಿತ್ತು.”

“ಮತ್ತೆ ಇಲ್ಲಿಗೆ ಬರುವ ಹಾಗೆ ಎಂತ ಆಯ್ತು?”

ಕೈಗವಸಿನ ಕತೆ ಹೇಳಿದೆ. ಕ್ಲ್ಯಾಂಪು ಮೊದಲ ಸಲವೇ ಸರಿ ಕೂತಿತ್ತು. ಬಿಚ್ಚಿಸಿದ್ದು ನನ್ನ ಹೆದರಿಕೆ. ಜಾಗ್ರತೆ ಅಂತ ಇಷ್ಟು ದಿನ ನಾನು ಹೆಮ್ಮೆಪಟ್ಟದ್ದು ಅದನ್ನೇ.

“ಇದು ಆತಂಕದ ಕಾಯಿಲೆ” ಅಂದರು. “ಒಂದು ವಿಷಯದ ಹೆದರಿಕೆ ಅಲ್ಲ, ಸಿಕ್ಕಿದ್ದಕ್ಕೆಲ್ಲ ಅಂಟುವಂಥದ್ದು. ಕುತ್ತಿಗೆ, ಹೊಟ್ಟೆ, ನಿದ್ರೆ ಎಲ್ಲ ಅದರದ್ದೇ. ಮದ್ದುಂಟು.” ದಿನಕ್ಕೊಂದು ಮಾತ್ರೆ. ಹಿಡಿಯಲಿಕ್ಕೆ ಕೆಲವು ವಾರ ಬೇಕು, ಮೊದಲಿಗೆ ವಾಕರಿಕೆ ಬರಬಹುದು, ಕಡಿಮೆಯಾಯಿತು ಅಂತ ನಾನೇ ನಿಲ್ಲಿಸಬಾರದು. ಅಲ್ಲಿಯವರೆಗೆ ವಿಂಚು ಮುಟ್ಟುದು ಬೇಡ. ಪಕ್ಕದ ಕೋಣೆಯ ಕೌನ್ಸೆಲರ್ ಇನ್ನೊಂದು ಹೇಳಿದರು: ಮಗಳಿಗೆ ದಿನಕ್ಕೆ ಒಂದೇ ಫೋನು, ಯೋಚನೆಗೆಲ್ಲ ಸಂಜೆ ಅರ್ಧ ಗಂಟೆ, ಅದರಾಚೆ ಬಂದದ್ದಕ್ಕೆ “ಸಂಜೆ ಬಾ” ಅನ್ನುದು.

ಮೊದಲ ವಾರ ಮಾತ್ರೆ ನನ್ನನ್ನು ಇನ್ನಷ್ಟು ಕೆಡಿಸಿತು. ಬಿಸಾಡಬೇಕು ಅಂತ ಎರಡು ಸಲ ಬಾವಿಕಟ್ಟೆವರೆಗೆ ಹೋಗಿದ್ದೆ. ಐದನೇ ವಾರದ ಹೊತ್ತಿಗೆ, ಮಗಳು ಬರುವ ಬಸ್ಸು ಹತ್ತು ನಿಮಿಷ ತಡವಾದದ್ದು ನನಗೆ ಗೊತ್ತೇ ಆಗಲಿಲ್ಲ; ಹೆಂಡತಿ ಹೇಳಿ ಗೊತ್ತಾದದ್ದು.

ಎರಡು ತಿಂಗಳು ಕಳೆದು ಡಾಕ್ಟರಮ್ಮ ಒಪ್ಪಿದ ಮೇಲೆ ಭಾವನ ಮನೆಗೆ ಹೋದೆ. ಕ್ಷಮೆ ಕೇಳಿ ನನಗೆ ಅಭ್ಯಾಸ ಇಲ್ಲ. “ಅವತ್ತು ತಪ್ಪಿದ್ದು ಲಾಕಲ್ಲ, ನಾನು” ಅಂದೆ.

“ಮಾತ್ರೆ ತಿಂತಾ ಇದ್ದೀರಾ?”

“ತಿಂತಾ ಇದ್ದೇನೆ.”

“ಇನ್ನು ಎಷ್ಟು ಸಲ ಕೇಳ್ತೀರಿ?”

“ಒಂದೇ ಸಲ.”

“ಎರಡು ಇಟ್ಕೊಳ್ಳಿ. ಒಂದು ನಿಮ್ಮ ಜಾತಕದಲ್ಲಿಯೇ ಇಲ್ಲ” ಅಂತ ನಕ್ಕ, ಚಾ ತರ್ಲಿಕ್ಕೆ ಒಳಗೆ ಹೇಳಿದ.

ಮಾರನೇ ದಿನ ಸುಳ್ಯದ ಹತ್ತಿರ ಒಂದು ಪಂಪು. ಕೇಳಿದೆ, ಹೇಳಿದ. ಇನ್ನೊಮ್ಮೆ ಕೇಳು ಅಂತ ಗಂಟಲಿಗೆ ಬಂತು. ಬೆವರು ಇಳಿಯಿತು. ಹ್ಯಾಂಡಲ್ ಬಿಗಿಯಾಗಿ ಹಿಡಿದು ಮೂರು ಉಸಿರು ಎಳೆದು, ಭಾರ ಬಿಟ್ಟೆ. ನಿಂತಿತು. ಹಾಗೆ ಹದಿನೆಂಟು ಪೈಪು. ಆರು ಸಲ ಮಾತ್ರ ಎರಡನೇ ಸಲ ಕೇಳಿದ್ದು.

ಇದಾಗಿ ಒಂದು ವರ್ಷ. ಈಗ ನನಗೆ ಇರುವುದು ಒಂದು ಗಾಡಿ, ಒಂದು ಹೊಸ ವಿಂಚು, ಕೆಲಸಕ್ಕೆ ಬರುವ ಒಬ್ಬ ಭಾವ, ದಿನಕ್ಕೆ ಒಂದು ಮಾತ್ರೆ, ಎರಡು ತಿಂಗಳಿಗೊಮ್ಮೆ ಆಸ್ಪತ್ರೆ, ವಾರದಲ್ಲಿ ನಿದ್ರೆ ಬರುವ ರಾತ್ರಿ ಐದು, ಬಾರದ್ದು ಎರಡು.