ಕೆಳಗೊಂದು ಹೆಸರು

ಶೇಷಪ್ಪನವರು ಕರಪತ್ರ ಓದುತ್ತಿದ್ದದ್ದು ಕೆಳಗಿನಿಂದ. ಹೊಸನಗರದ ಅವರ ಪ್ರೆಸ್ಸಿಗೆ ಯಾರು ಏನು ಬರೆದು ತಂದರೂ ಮೊದಲು ಕೊನೆಯ ಸಾಲು ನೋಡುವರು. ಅಲ್ಲಿ ಹೆಸರಿಲ್ಲದಿದ್ದರೆ ಕಾಗದ ವಾಪಸ್. "ಬೈಯ್ರಿ, ಬ್ಯಾಡ ಅನ್ನಲ್ಲ. ಬೈದೋರು ಯಾರು ಅಂತ ಹಾಕ್ರಿ" ಎನ್ನುವರು.

ಹಾಗೆನ್ನುವ ಇವರೇ ಹೆಸರಿಲ್ಲದ ಕರಪತ್ರಕ್ಕಾಗಿ ಜೈಲು ಕಂಡವರು. ತುರ್ತು ಪರಿಸ್ಥಿತಿಯಲ್ಲಿ ಸರ್ಕಾರವನ್ನು ಟೀಕಿಸಿದ ಹಾಳೆಯೊಂದನ್ನು ಅಚ್ಚು ಹಾಕಿದ್ದರು. ಬರೆದವರು ಸಿಗಲಿಲ್ಲ, ಇವರು ಸಿಕ್ಕರು. ಎರಡು ತಿಂಗಳು ಒಳಗಿದ್ದರೂ ಬರೆದವರನ್ನು ತೋರಿಸಿಕೊಡಲಿಲ್ಲ. ಅಂಥವರು ಈಗ ಹೆಸರಿಗೇಕೆ ಹಟ ಹಿಡಿಯುತ್ತೀರಿ ಎಂದು ಒಮ್ಮೆ ಕೇಳಿದ್ದೆ.

"ಆವಾಗ ಹೆದ್ರಿ ಹೆಸ್ರು ಮುಚ್ಚಿಡ್ತಿದ್ರು ಮೇಷ್ಟ್ರೇ. ಈಗ ಹೆದರ್ಸಕ್ಕೆ ಮುಚ್ಚಿಡ್ತಾರೆ."

ಸೊಸೈಟಿ ಚುನಾವಣೆಗೆ ಅವರು ನಿಂತ ವರ್ಷ, ಎದುರಾಳಿ ಅವರನ್ನೇ ಹಳಿದು ಬರೆದ ಕರಪತ್ರವನ್ನು ಅವರ ಪ್ರೆಸ್ಸಿಗೇ ತಂದ. ಕೆಳಗೆ ಸಹಿ ಇತ್ತು. ಶೇಷಪ್ಪನವರು ಕಾಗುಣಿತ ತಿದ್ದಿ, ಹೇಳಿದ ಹೊತ್ತಿಗೆ ಅಚ್ಚು ಹಾಕಿ ಕೊಟ್ಟರು. ಚುನಾವಣೆಯಲ್ಲಿ ಸೋತರು.

ಕಳೆದ ವರ್ಷ ನಮ್ಮೂರಿನ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸುದ್ದಿ ಹರಿದಾಡಿತು. ಬಸ್ ಸ್ಟ್ಯಾಂಡಿನ ಹತ್ತಿರ ಚಹಾದಂಗಡಿ ಇಟ್ಟಿದ್ದ ಶಾರದಮ್ಮ ಬಳಸಿ ಬಿಸಾಡಿದ ಪುಡಿಗೆ ಬಣ್ಣ ಬೆರೆಸುತ್ತಾಳೆ ಎಂದು. ವಾರದೊಳಗೆ ಅಂಗಡಿಯ ಬೆಂಚು ಖಾಲಿಯಾಯಿತು. ಶೇಷಪ್ಪನವರೊಬ್ಬರೇ ದಿನಾ ಬೆಳಿಗ್ಗೆ ಅಲ್ಲಿ ಕೂತು, ಎಲ್ಲರಿಗೂ ಕಾಣುವಂತೆ ಎರಡು ಲೋಟ ಚಹಾ ಕುಡಿಯುತ್ತಿದ್ದರು.

ಒಂದು ದಿನ ನನ್ನನ್ನು ಕರೆದರು. ತಮ್ಮ ಫೋನಿನಲ್ಲಿ ಅದೇ ಸುದ್ದಿ ತೋರಿಸಿದರು. ಮೇಲೆ ನನ್ನ ಹೆಸರಿತ್ತು.

"ನಾನು ಬರೆದದ್ದಲ್ಲ, ಬಂದದ್ದನ್ನ ಫಾರ್ವರ್ಡ್ ಮಾಡಿದೆ ಅಷ್ಟೆ" ಎಂದೆ.

"ನಂಗೂ ಆವಾಗ ಪೊಲೀಸ್ರು, ಬರ್ದೋನು ನೀನಾ ಅಂತ ಕೇಳಿದ್ರು. ಬರ್ದಿಲ್ಲ, ಅಚ್ಚು ಹಾಕ್ದೋನು ನಾನೇ ಅಂದೆ" ಎಂದರು. ಫೋನು ಜೇಬಿಗೆ ಹಾಕಿಕೊಂಡು, "ಆ ಹೆಂಗಸಿನ ಹತ್ರ ಹೋಗಿ ಹೇಳಿ ಬನ್ನಿ" ಎಂದರು.

ಆಗಲಿ ಎಂದು ಬಂದೆ. ಹೋಗಲಿಲ್ಲ. ಪರೀಕ್ಷೆ, ಮೌಲ್ಯಮಾಪನ ಎಂದು ದಿನ ದೂಡಿದೆ. ಮೇ ತಿಂಗಳಲ್ಲಿ ಶೇಷಪ್ಪನವರು ಹೃದಯಾಘಾತದಿಂದ ತೀರಿಕೊಂಡರು.

ಮಣ್ಣು ಮುಗಿಸಿ, ಅಲ್ಲಿಂದ ನೇರವಾಗಿ ಶಾರದಮ್ಮನ ಅಂಗಡಿಗೆ ಹೋದೆ. ಸುದ್ದಿ ಹಂಚಿದವರಲ್ಲಿ ನಾನೂ ಒಬ್ಬ, ಅದು ನಿಜವೋ ಸುಳ್ಳೋ ಎಂದು ವಿಚಾರಿಸಲಿಲ್ಲ, ತಪ್ಪಾಯಿತು ಎಂದು ಹೇಳಿದೆ. ಆಕೆ ಒಲೆ ಸಣ್ಣ ಮಾಡಿ ನನ್ನ ಕಡೆ ತಿರುಗಿದರು.

"ಶೇಷಪ್ಪಣ್ಣ ಹೇಳಿದ್ರು, ಮೇಷ್ಟ್ರು ಬರ್ತಾರೆ ಅಂತ. ದಿನಾ ಕಾಯ್ತಿದ್ರು."